ಮರಿಯ ಕೊಕ್ಕಿನ ಎತ್ತರಕ್ಕೆ

ಡಿಸೆಂಬರ್ ತಿಂಗಳ ಬೆಳಗಿನ ಜಾವ ದೊಡ್ಡಬಳ್ಳಾಪುರ ಕಡೆಯ ಯಾವುದಾದರೂ ಬ್ರಾಯ್ಲರ್ ಶೆಡ್ಡಿನ ಬಾಗಿಲು ತೆಗೆಯಿರಿ. ಘಾಟಿಗೆ ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ. ರಾತ್ರಿಯಿಡೀ ಅಲ್ಲೇ ಇದ್ದವರನ್ನು ಕೇಳಿದರೆ ‘ವಾಸನೆ ಏನೂ ಇಲ್ವಲ್ಲ ಸಾರ್’ ಅನ್ನುತ್ತಾರೆ. ಅದು ಸುಳ್ಳಲ್ಲ, ಅಮೋನಿಯಾಕ್ಕೆ ಮನುಷ್ಯನ ಮೂಗು ಬಲುಬೇಗ ಒಗ್ಗಿಹೋಗುತ್ತದೆ.

ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಈ ಅನಿಲ ಹುಟ್ಟುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದಷ್ಟೂ, ಶೆಡ್ ಬೆಚ್ಚಗಾದಷ್ಟೂ ಅದು ಹೆಚ್ಚು. ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಡುವ ಮರಿಗೆ ಮೂರನೇ ವಾರ ಅಷ್ಟು ಬೇಕಿಲ್ಲ. ಆ ಹೊತ್ತಿಗೆ ಹೊಟ್ಟಿನ ತುಂಬ ಹಿಕ್ಕೆ. ಆದರೂ ಚಳಿಯ ಭಯಕ್ಕೆ ಶೆಡ್ಡಿನ ಬದಿಯ ಪರದೆ ಪೂರ್ತಿ ಮೇಲೇರುತ್ತದೆ, ಘಾಟು ಒಳಗೇ ಕೂರುತ್ತದೆ. ಅಮೋನಿಯಾ ಗಾಳಿಗಿಂತ ಹಗುರ, ನಿಜ. ಆದರೆ ಅದು ಹುಟ್ಟುವುದು ಮರಿಯ ಕಾಲಬುಡದಲ್ಲೇ. ಉಸಿರುನಾಳದ ಧೂಳನ್ನು ಹೊರತಳ್ಳುವ ಸೂಕ್ಷ್ಮ ರೋಮಗಳು ಅದರಿಂದ ಸೋಲುತ್ತವೆ. ಆಮೇಲೆ ಇ. ಕೋಲಿಗೂ ಕೊಕ್ಕರೆ ರೋಗಕ್ಕೂ ದಾರಿ ಸಲೀಸು.

ದಟ್ಟವಾಗಿ ಬ್ರಾಯ್ಲರ್ ಸಾಕುವ ಶೆಡ್‌ಗಳಲ್ಲಿ ಅಮೋನಿಯಾ 20 ಪಿಪಿಎಂ, ಇಂಗಾಲದ ಡೈಆಕ್ಸೈಡ್ 3,000 ಪಿಪಿಎಂ ದಾಟಬಾರದೆಂದು ಯುರೋಪಿಯನ್ ಒಕ್ಕೂಟ 2007ರಲ್ಲಿ ನಿಯಮ ಮಾಡಿತು. ಅಳೆಯಬೇಕಾದದ್ದು ಕೋಳಿಯ ತಲೆಯ ಮಟ್ಟದಲ್ಲಿ ಎಂದೂ ಅದರಲ್ಲಿದೆ. ಈ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ.

ಆ ಮಟ್ಟಕ್ಕೆ ತೂಗುಬಿಟ್ಟ ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಅಮೋನಿಯಾ, ತೇವಾಂಶ, ಶಾಖವನ್ನು ಅಳೆದು ಸಿಮ್ ಅಥವಾ ವೈಫೈ ಮೂಲಕ ಮೊಬೈಲಿಗೆ ಕಳಿಸುತ್ತದೆ. ಒಳಗಿನ ಹವೆಯನ್ನು ಯಂತ್ರಗಳೇ ನಿಯಂತ್ರಿಸುವ ಮುಚ್ಚಿದ ಇ.ಸಿ. ಶೆಡ್‌ಗಳಲ್ಲಿ ಅದನ್ನೇ ಫ್ಯಾನಿಗೆ ಜೋಡಿಸಬಹುದು. ನಮ್ಮ ತೆರೆದ ಶೆಡ್‌ಗಳಲ್ಲಿ ಪರದೆ ಇಳಿಸಲು ಒಂದು ಕೈ ಬೇಕು. ಹಾಗಾಗಿ ಎಚ್ಚರಿಕೆಯ ಸಂದೇಶ ಕಂಪನಿಯ ಸೂಪರ್‌ವೈಸರಿಗಷ್ಟೇ ಹೋದರೆ ಸಾಲದು, ಶೆಡ್ಡಿನ ಪಕ್ಕ ಮಲಗಿದವರನ್ನು ಅದು ಎಬ್ಬಿಸಬೇಕು. ಕಾಂಟ್ರ್ಯಾಕ್ಟ್ ಸಾಕಣೆಯಲ್ಲಿ ಶೆಡ್ ರೈತನದು, ಮರಿ ಮತ್ತು ಫೀಡ್ ಕಂಪನಿಯದು. ಮರಿ ಚೆನ್ನಾಗಿ ಬೆಳೆದರೆ ಇಬ್ಬರಿಗೂ ಲಾಭ. ಸೆನ್ಸರ್ ಖರ್ಚನ್ನೂ ಇಬ್ಬರೂ ಹಂಚಿಕೊಳ್ಳುವುದೇ ನ್ಯಾಯ.

ಕೊಳ್ಳುವಾಗ ಜೋಪಾನ. ಅಗ್ಗದ ಗ್ಯಾಸ್ ಸೆನ್ಸರ್ ಮರಿಗೆ ಶಾಖ ಕೊಡುವ ಬ್ರೂಡರಿನ ಇದ್ದಿಲ ಹೊಗೆಗೂ ಹೌಹಾರುತ್ತದೆ. ಎಲೆಕ್ಟ್ರೋಕೆಮಿಕಲ್ ಸೆನ್ಸರ್ ನಂಬಿಕಸ್ಥ, ಆದರೆ ಸದಾ ಅಮೋನಿಯಾದಲ್ಲೇ ಇದ್ದು ಸವೆಯುತ್ತದೆ. ಅದರ ಮೇಲಿನ ಧೂಳನ್ನು ಆಗಾಗ ಒರೆಸಬೇಕು, ಬ್ಯಾಚ್ ಮುಗಿದಾಗ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಕರೆಂಟ್ ಹೋದರೂ ನಡೆಯಲು ಬ್ಯಾಟರಿ ಇರಲೇಬೇಕು. ಸೋರುವ ನೀರಿನ ನಿಪ್ಪಲ್ ಸರಿಪಡಿಸುವ, ಗಟ್ಟಿಯಾದ ಹೊಟ್ಟನ್ನು ಕೆದಕಿ ತಿರುವುವ ಕೆಲಸ ಎಂದಿನಂತೆ ಇದ್ದೇ ಇದೆ.

ರಾತ್ರಿ ಎರಡಕ್ಕೆ ಮೊಬೈಲ್ ಬಡಿದುಕೊಂಡಿತು ಅನ್ನಿ. ಪರದೆಯನ್ನು ಮೇಲಿನಿಂದ ಒಂದು ಗೇಣು ಇಳಿಸಿ, ಹತ್ತು ನಿಮಿಷ ಅಲ್ಲೇ ನಿಂತು ಮರಿಗಳನ್ನು ನೋಡಿ. ನೆಲದ ತುಂಬ ಹರಡಿಕೊಂಡಿದ್ದರೆ ಹೋಗಿ ಮಲಗಬಹುದು. ಮೂಲೆಯಲ್ಲಿ ಒತ್ತೊತ್ತಾಗಿ ಕೂತಿದ್ದರೆ ಚಳಿ ಹೆಚ್ಚಾಯಿತು, ಪರದೆ ನಾಲ್ಕು ಬೆರಳು ಮೇಲಕ್ಕೆ.