ಪ್ರೇಷಕದ ವರ್ತನಾಚಿತ್ರ

ಗಣಕಯಂತ್ರದ ಫಲಕದಲ್ಲಿ ಒಂದು ಚಿಪ್ ಮತ್ತೊಂದಕ್ಕೆ ಸೆಕೆಂಡಿಗೆ 1,000 ಕೋಟಿ ಬಿಟ್‌ಗಳನ್ನು ಕಳುಹಿಸುವಾಗ ಒಂದೊಂದು ಬಿಟ್‌ಗೂ ದೊರೆಯುವ ಕಾಲ 100 ಪಿಕೋಸೆಕೆಂಡ್ ಮಾತ್ರ. ಆ ವೇಗದಲ್ಲಿ ತಾಮ್ರದ ರೇಖೆಯು ಸಂಕೇತವನ್ನು ಮಸುಕುಗೊಳಿಸಿ ಒಂದು ಬಿಟ್ಟನ್ನು ಇನ್ನೊಂದರೊಡನೆ ಬೆರೆಸಿಬಿಡುತ್ತದೆ. ಫಲಕವನ್ನು ನಿರ್ಮಿಸುವ ಮುನ್ನವೇ ಈ ದೋಷವನ್ನು ಗಣಿಸಿ ಅರಿಯಬೇಕಾದರೆ ಪ್ರೇಷಕದ ವರ್ತನೆ ತಿಳಿದಿರಬೇಕು. ಆದರೆ ತಯಾರಕರು ಅದರ ಒಳರಚನೆಯನ್ನು ಹೊರಗೆಡಹರು.

1993ರಲ್ಲಿ ಮೊದಲ ಆವೃತ್ತಿ ಕಂಡ ‘ಐಬಿಸ್’ ಪದ್ಧತಿಯು ಈ ತೊಡಕನ್ನು ಬಿಡಿಸಿತು. ಅದು ಒಳಗನ್ನು ಮುಚ್ಚಿಟ್ಟು, ಯಾವ ವೋಲ್ಟೇಜಿಗೆ ಎಷ್ಟು ವಿದ್ಯುತ್ಪ್ರವಾಹ, ಏರಿಳಿಯಲು ಎಷ್ಟು ಕಾಲ ಎಂಬ ವಿವರಗಳನ್ನಷ್ಟೆ ಕೋಷ್ಟಕರೂಪದಲ್ಲಿ ಒದಗಿಸುತ್ತದೆ. ಪ್ರೇಷಕವು ಸಂಕೇತವನ್ನು ಮುಂಚಿತವಾಗಿ ತಿದ್ದಿ ಕಳುಹಿಸುವ ಕ್ರಮದ ನಿರೂಪಣೆಯು 2008ರ ‘ಎಎಂಐ’ ವಿಸ್ತರಣೆಯಿಂದ ಸೇರಿತು.

ಧಾತುವನ್ನರಿಯದವನೂ ರೂಪಾವಳಿಯಿಂದ ಪದಪ್ರಯೋಗ ಮಾಡಬಲ್ಲನಷ್ಟೆ, ಇದೂ ಹಾಗೆಯೇ. ಆದರೆ ಕೋಷ್ಟಕವನ್ನು ನಿಜವಾದ ಅಳತೆಯೊಡನೆ ತಾಳೆ ನೋಡದಿದ್ದರೆ ಗಣನೆಯು ಎಷ್ಟೇ ಅಂದವಾಗಿದ್ದರೂ ನಂಬತಕ್ಕುದಲ್ಲ.