ಭಿನ್ನ ಬಗೆಯ ಅರ್ಜಿಗಳು, ಒಂದೇ ಪಟ್ಟಿ: ಅರ್ಜಿದಾರರಿಗೆ ವಿವರಣೆ

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ನಾಡಕಚೇರಿಯಲ್ಲಿ ಆದಾಯ ದೃಢೀಕರಣ ಪತ್ರಕ್ಕೆ, ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಖಾತೆ ಬದಲಾವಣೆಗೆ, ಚಾಮರಾಜನಗರದ ಸಾರಿಗೆ ಕಚೇರಿಯಲ್ಲಿ ಚಾಲನಾ ಪರವಾನಗಿಗೆ ಸಲ್ಲಿಸುವ ಅರ್ಜಿಗಳು ಒಂದಕ್ಕೊಂದು ಹೋಲುವುದಿಲ್ಲ. ಆದರೂ ಸಕಾಲ ಯೋಜನೆಯಡಿ ಇವೆಲ್ಲಕ್ಕೂ ಒಂದೇ ಮಾದರಿಯ 15 ಸ್ಥಾನಗಳ ಸಂಖ್ಯೆ ದೊರೆಯುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅನ್ವಯ ಈ ಯೋಜನೆಯು 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಾದ್ಯಂತ ಜಾರಿಗೆ ಬಂದಿತು.

ಇದರ ಹಿಂದಿನ ತತ್ತ್ವ

ಭಿನ್ನ ಬಗೆಯ ಮಾಹಿತಿಯನ್ನು ಒಂದೇ ಪಟ್ಟಿಯಲ್ಲಿ ಇರಿಸುವ ಕ್ರಮವು ಜಾವಾದಂತಹ ಕಂಪ್ಯೂಟರ್ ಭಾಷೆಗಳಲ್ಲಿ ರೂಢಿಯಲ್ಲಿದೆ. ಅದನ್ನು ಹೀಗೆ ವಿವರಿಸಬಹುದು. ಮೊದಲು 'ಅರ್ಜಿ' ಎಂಬ ಸಾಮಾನ್ಯ ವರ್ಗವನ್ನು ರೂಪಿಸಲಾಗುತ್ತದೆ. ಸಂಖ್ಯೆ, ದಿನಾಂಕ, ಕಾಲಮಿತಿ ಮತ್ತು ಹಂತ ಇವು ಎಲ್ಲ ಅರ್ಜಿಗಳಿಗೂ ಸಮಾನವಾದ ಅಂಶಗಳು. ಆದಾಯ, ಖಾತೆ, ಪರವಾನಗಿ ಇವು ಅದರ ಉಪವರ್ಗಗಳು. 'ಅರ್ಜಿ'ಗಳಿಗಾಗಿ ನಿರ್ಮಿಸಿದ ಪಟ್ಟಿಯು ಈ ಮೂರನ್ನೂ ಸ್ವೀಕರಿಸುತ್ತದೆ.

'ಮುಂದಿನ ಹಂತ ಯಾವುದು?' ಎಂದು ತಂತ್ರಾಂಶವು ಕೇಳಿದಾಗ ಪ್ರತಿಯೊಂದೂ ತನ್ನ ಉಪವರ್ಗಕ್ಕೆ ತಕ್ಕ ಉತ್ತರ ನೀಡುತ್ತದೆ: ಆದಾಯದ ಅರ್ಜಿಗೆ ಸ್ಥಳೀಯ ವಿಚಾರಣೆ, ಖಾತೆಯ ಅರ್ಜಿಗೆ ಆಕ್ಷೇಪಣೆ ಆಹ್ವಾನ, ಪರವಾನಗಿ ಅರ್ಜಿಗೆ ಚಾಲನಾ ಪರೀಕ್ಷೆ. ಪಟ್ಟಿ ಒಂದೇ ಆದರೂ ದಾರಿಗಳು ಬೇರೆ ಬೇರೆ.

ಸಾಮಾನ್ಯ ವರ್ಗವಿಲ್ಲದೆ ಸಿಕ್ಕಿದ್ದನ್ನೆಲ್ಲ ಒಂದೇ ಪಟ್ಟಿಗೆ ಸೇರಿಸುವುದೂ ಸಾಧ್ಯ. ಆಗ ಹೊರತೆಗೆಯುವಾಗಲೆಲ್ಲ ಬಗೆಯನ್ನು ಪರಿಶೀಲಿಸಬೇಕಾಗುತ್ತದೆ. ಪರೀಕ್ಷಿಸದೆ ಪರವಾನಗಿ ಅರ್ಜಿಯಿಂದ ಸರ್ವೆ ನಂಬರ್ ಕೇಳಿದರೆ ತಂತ್ರಾಂಶವು ದೋಷ ತೋರಿಸಿ ಅರ್ಧದಲ್ಲೇ ನಿಲ್ಲುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಅರ್ಜಿಯ ಕಾಲಮಿತಿ ಹಾಗೂ ವಿಚಾರಣೆಯ ಕ್ರಮವು ನಮೂದಿಸಿದ ಸೇವೆಯನ್ನು ಅವಲಂಬಿಸಿರುತ್ತದೆ. ತಪ್ಪು ಸೇವೆಯಡಿ ದಾಖಲಾದ ಅರ್ಜಿಯು ತಪ್ಪು ದಾರಿಯಲ್ಲಿಯೇ ಸಾಗುವುದರಿಂದ ದಿನಗಳು ವ್ಯರ್ಥವಾಗುತ್ತವೆ. ಆದ್ದರಿಂದ ಸ್ವೀಕೃತಿ ಪತ್ರದಲ್ಲಿ ಸೇವೆಯ ಹೆಸರನ್ನು ಕೌಂಟರ್ ಬಿಡುವ ಮುನ್ನವೇ ಓದಿಕೊಳ್ಳುವುದು ಅವಶ್ಯಕ.

2. ಎರಡು ಭಿನ್ನ ಸೇವೆಗಳು ಬೇಕಿದ್ದಲ್ಲಿ ಪ್ರತಿಯೊಂದರ ಸಕಾಲ ಸಂಖ್ಯೆಯನ್ನೂ ಕಾಯ್ದಿರಿಸಿಕೊಳ್ಳತಕ್ಕದ್ದು.

3. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ.