ಮನೆಮಾತು ಬೇರೆ, ನಾಡು ಕನ್ನಡ

1962ರಲ್ಲಿ ತೆರೆಕಂಡ ತೆಲುಗಿನ ‘ಮಹಾಮಂತ್ರಿ ತಿಮ್ಮರುಸು’ ಚಿತ್ರದಲ್ಲಿ ಕೃಷ್ಣದೇವರಾಯನಾದವರು ಎನ್.ಟಿ. ರಾಮರಾವ್. ಎಂಟು ವರ್ಷದ ಬಳಿಕ, ಕನ್ನಡದ ‘ಶ್ರೀ ಕೃಷ್ಣದೇವರಾಯ’ದಲ್ಲಿ ಆ ಕಿರೀಟ ರಾಜ್‌ಕುಮಾರ್ ತಲೆಗೇರಿತು. ರಾಯ ಯಾರವನು ಎಂಬ ಜಗಳ ಬೇರೆ ಊರುಗಳಲ್ಲಿ ನಡೆಯಬಹುದು. ಶ್ರೀನಿವಾಸಪುರ, ಮುಳಬಾಗಿಲಿನ ಪ್ರೇಕ್ಷಕರಿಗೆ ಇಬ್ಬರ ಮಾತೂ ತಿಳಿಯುತ್ತದೆ, ಇಬ್ಬರಿಗೂ ಶಿಳ್ಳೆ ಬೀಳುತ್ತದೆ. ಕನ್ನಡದ ಚಿತ್ರವನ್ನು ನಿರ್ದೇಶಿಸಿ, ತಿಮ್ಮರಸುವಿನ ಪಾತ್ರವನ್ನೂ ತಾವೇ ಮಾಡಿದ ಬಿ.ಆರ್. ಪಂತುಲು ಇದೇ ಕೋಲಾರ ಜಿಲ್ಲೆಯವರು.

ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಮಾವಿನ ಮಂಡಿಯಲ್ಲಿ ಗಿರಾಕಿಯ ಮುಖ ನೋಡಿ ಮಾತು ಬದಲಿಸುವ ಸೀಮೆ ಇದು. ಇಲ್ಲಿನ ಎಷ್ಟೋ ಮನೆಗಳಿಗೆ ಕನ್ನಡತನ ತೊಟ್ಟಿಲಿನ ಜೊತೆ ಬಂದದ್ದಲ್ಲ, ಆಮೇಲೆ ಕಟ್ಟಿಕೊಂಡದ್ದು. ಅದು ಹೇಗೆ ಕಟ್ಟಿಕೊಂಡಿತು ಎಂದು ನೋಡಲು ಒಮ್ಮೆ ಇಟಲಿಯ ಕಡೆ ತಿರುಗಿದರೆ ಅನುಕೂಲ.

1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಅಲ್ಲಿ ಇಟಾಲಿಯನ್ ಆಡಬಲ್ಲವರು ನೂರಕ್ಕೆ ಹತ್ತರ ಆಸುಪಾಸು ಎನ್ನುವವರಿದ್ದಾರೆ, ಮೂರಕ್ಕಿಂತ ಕಡಿಮೆ ಎನ್ನುವ ವಿದ್ವಾಂಸರೂ ಇದ್ದಾರೆ. ಉಳಿದವರೆಲ್ಲ ತಂತಮ್ಮ ಸೀಮೆಯ ನುಡಿಯವರು. ಏಕೀಕರಣದ ರೂವಾರಿ ಕವೂರ್‌ಗೆ ಸಲೀಸಾಗಿದ್ದದ್ದು ಫ್ರೆಂಚ್. ಮಿಲಾನಿನ ಕಾದಂಬರಿಕಾರ ಮಾಂಜೋನಿ ತನ್ನ ಹೆಸರಾಂತ ಕಾದಂಬರಿಯನ್ನು 1827ರಲ್ಲಿ ಅಚ್ಚು ಹಾಕಿಸಿದ ಮೇಲೂ ಸಮಾಧಾನವಾಗದೆ ಫ್ಲಾರೆನ್ಸಿನ ನುಡಿಗೆ ಹೊಂದಿಸಿ ತಿದ್ದಿ, 1840ರಿಂದ 42ರ ನಡುವೆ ಮತ್ತೆ ಹೊರತಂದ. ಬೇರೆ ಊರಿನ ಮಾತನ್ನು ನಾಡಿನ ಮಾತೆಂದು ಒಪ್ಪಿ, ಅದರಲ್ಲೇ ದೊಡ್ಡ ಕೃತಿ ಕಟ್ಟಿದ.

ಬೆಳಗಾವಿಗೆ, ಮಡಿಕೇರಿಗೆ

ನಮ್ಮಲ್ಲಿ ಇಂಥ ಕೆಲಸ ಮಾಡಿದವರು ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮನೆಮಾತು ತಮಿಳು. ಬರೆದದ್ದು ಕನ್ನಡ, ಅದೂ ಹಳ್ಳಿಯ ಹಿರಿಯರು ಜಗಲಿಯಲ್ಲಿ ಕುಳಿತು ಹೇಳುವಷ್ಟು ಹದವಾದ ಕನ್ನಡ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಮೂರು ವರ್ಷ ಕಳೆದು, 1932ರ ಮಡಿಕೇರಿ ಸಮ್ಮೇಳನಕ್ಕೆ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ಕೊಡಗು ತನ್ನದೇ ಬೇರೆ ಪ್ರಾಂತ್ಯ. ಇಬ್ಬರೂ ಮೈಸೂರು ಸಂಸ್ಥಾನದ ಮೂಡಣ ಅಂಚಿನಲ್ಲಿ ಹುಟ್ಟಿದವರು. ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಇಂಥ ಸಭೆಗಳಲ್ಲಿ ಮೊದಲು ಸೇರಿತು.

ನಕ್ಷೆ ಬರೆಯುವ ಹೊತ್ತು ಬಂದಾಗ ಕೋಲಾರವೂ ಪ್ರಶ್ನೆಯಾಯಿತು. ತೆಲುಗು ಮಾತೃಭಾಷೆಯವರೇ ಹೆಚ್ಚೆಂಬ ಕಾರಣಕ್ಕೆ ಆಂಧ್ರದ ಕಡೆಯಿಂದ ಹಕ್ಕೊತ್ತಾಯ ಬಂತು. 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗ ಜಿಲ್ಲೆಯನ್ನು ಕನ್ನಡ ರಾಜ್ಯದಲ್ಲೇ ಉಳಿಸಿತು. ಕಚೇರಿ, ಕೋರ್ಟು, ಶಾಲೆ, ಬೆಂಗಳೂರಿನ ವ್ಯಾಪಾರ ಎಲ್ಲವೂ ತಲೆಮಾರುಗಳಿಂದ ಮೈಸೂರಿಗೆ ಹೆಣೆದುಕೊಂಡಿದ್ದವು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಕೊಡಗಿನ ಕೊನೆಯ ಅರಸನ ಕಥೆ ಹೇಳುವ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದೂ ಅದೇ ವರ್ಷ. ಆ ಕಾದಂಬರಿಯ ಕರ್ತೃವಿಗೆ 1983ರ ಜ್ಞಾನಪೀಠ ಬಂತು.

ಕಪ್ಪ ಕೇಳಿದವನ ಎದುರು

ಪುಸ್ತಕ ಓದುವವರು ಕೆಲವರು, ಟೆಂಟಿಗೆ ಹೋಗುವವರು ಊರೆಲ್ಲ. ಪಂತುಲು ಹೆಚ್ಚುಗಾರಿಕೆ ಅಲ್ಲಿದೆ. 1910ರಲ್ಲಿ ಹುಟ್ಟಿ, ನಾಟಕದ ಕಂಪನಿಗಳಲ್ಲಿ ಪಳಗಿ, 1936ರ ‘ಸಂಸಾರ ನೌಕೆ’ಯಲ್ಲಿ ನಾಯಕರಾದ ಅವರು ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿದರು. 1959ರಲ್ಲಿ ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದರು. ತಮಿಳರು ಎದೆಯುಬ್ಬಿಸಿ ನೆನೆಯುವ ಆ ಪಾಳೇಗಾರನ ಮನೆತನದ ಮೂಲ ತೆಲುಗು, ಅವನನ್ನು ತೆರೆಗೆ ತಂದವರು ಕೋಲಾರದವರು!

ಎರಡೇ ವರ್ಷಕ್ಕೆ, 1961ರಲ್ಲಿ, ‘ಕಿತ್ತೂರು ಚೆನ್ನಮ್ಮ’. ಬಿ. ಸರೋಜಾದೇವಿ ರಾಣಿ, ರಾಜ್‌ಕುಮಾರ್ ಮಲ್ಲಸರ್ಜ. ಎರಡೂ ಚಿತ್ರಗಳ ಜೀವ ಇರುವುದು ಒಂದೇ ಬಗೆಯ ಸನ್ನಿವೇಶದಲ್ಲಿ: ಕಪ್ಪ ಕೇಳಿದ ಇಂಗ್ಲಿಷರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಬೆವರಿಳಿಸುವ ಮಾತು. ಕನ್ನಡದ ಆ ಮಾತನ್ನು ಇವತ್ತಿಗೂ ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗಿಯರು ತಗಡಿನ ಕತ್ತಿ ಹಿಡಿದು ಒಪ್ಪಿಸುತ್ತಾರೆ. ಹಳೆಯ ಮೈಸೂರಿಗೆ ಪರಿಚಿತರಾಗಿದ್ದವರು ಒಡೆಯರು, ಹೈದರ್, ಟಿಪ್ಪು. ರಾಜ್ಯ ಒಂದಾಗಿ ಐದೇ ವರ್ಷದಲ್ಲಿ ಮುಂಬೈ ಕರ್ನಾಟಕದ ರಾಣಿಯೊಬ್ಬಳು ಕೋಲಾರದ ಮಕ್ಕಳಿಗೂ ತಮ್ಮ ರಾಣಿಯಾದಳು. ಪಠ್ಯಪುಸ್ತಕದ ಜೊತೆಗೆ ಇದನ್ನು ಆಗುಮಾಡಿದ್ದು ಸಿನಿಮಾ.

ಇಟಲಿಯಲ್ಲೂ ಹೀಗೇ. ಬ್ಲಾಸೆಟ್ಟಿ 1934ರಲ್ಲಿ ತೆಗೆದ ‘1860’ ಚಿತ್ರದ ನಾಯಕ, ಏಕೀಕರಣದ ಸೇನಾನಿ ಗ್ಯಾರಿಬಾಲ್ಡಿಯ ಸಹಾಯ ಬೇಡಿ ಹೊರಟ ಸಿಸಿಲಿಯ ಕುರುಬ. ಆದರೆ ಭಾಷೆಯ ಕಾವಲಿನಲ್ಲಿ ಎರಡು ನಾಡುಗಳೂ ತದ್ವಿರುದ್ಧ ದಾರಿ ಹಿಡಿದವು. ಮುಸೊಲಿನಿ ಸರ್ಕಾರ 1930ರಲ್ಲಿ ಪರಭಾಷೆಯ ಸಂಭಾಷಣೆಯನ್ನು ತೆರೆಯಿಂದ ತೆಗೆಸಿತು. ಹೊರಗಿನ ಚಿತ್ರಗಳೆಲ್ಲ ಇಟಾಲಿಯನ್ನಿಗೆ ಡಬ್ ಆಗತೊಡಗಿದವು. ಕನ್ನಡ ಚಿತ್ರರಂಗ 1960ರ ದಶಕದಿಂದ ಡಬ್ಬಿಂಗನ್ನೇ ಹೊರಗಿಟ್ಟಿತು. ಇದರ ಫಲವಾಗಿ ಕೋಲಾರದವರು ತೆಲುಗು ಚಿತ್ರವನ್ನು ತೆಲುಗಿನಲ್ಲೇ ನೋಡಿದರು, ಕನ್ನಡ ಚಿತ್ರವನ್ನು ಕನ್ನಡದಲ್ಲಿ. ಎರಡು ಅಭಿಮಾನಗಳೂ ಒಂದೇ ಊರಿನ ಗೋಡೆಗಳ ಮೇಲೆ ಪೋಸ್ಟರಾದವು. ಮುಳಬಾಗಿಲು ಸೀಮೆಯ ನಟಿ ಸೌಂದರ್ಯ ತೆಲುಗಿನಲ್ಲಿ ತಾರೆಯಾಗಿ ಮೆರೆದು, ಕನ್ನಡದಲ್ಲಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ನಿರ್ಮಿಸಿದ್ದನ್ನು ಇಲ್ಲಿ ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ.

ಒಂದು ಗಣಿ, ಎರಡು ಕಥೆ

2018ರ ‘ಕೆಜಿಎಫ್’ ಕೋಲಾರದ ಹೆಸರನ್ನು ದೇಶವಿಡೀ ಒಯ್ದಿತು. ತೆಲುಗು, ತಮಿಳು, ಮಲಯಾಳಂ, ಹಿಂದಿಯಲ್ಲೂ ಬಂತು. ಗಣಿಯ ಸಯನೈಡ್ ದಿಬ್ಬಗಳ ನಡುವೆ ಚಿತ್ರೀಕರಣವಾದರೂ ಅದರ ನರಾಚಿ ಕಲ್ಪನೆಯ ಊರು. ನಿಜವಾದ ಗಣಿಯನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ, ಆಳಕ್ಕಿಳಿದವರಲ್ಲಿ ಬಹುಪಾಲು ತಮಿಳು ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿತು, ಅವರ ಮಕ್ಕಳು ದಿನಾ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಾದರು. ಆ ಜನರ ಪೂರ್ವಿಕರನ್ನು ಕಥೆಯ ನಡುವಿಗೆ ತಂದ ದೊಡ್ಡ ಚಿತ್ರ ಬಂದದ್ದು ತಮಿಳಿನಲ್ಲಿ: ಪಾ. ರಂಜಿತ್ ಅವರ ‘ತಂಗಲಾನ್’, 2024ರಲ್ಲಿ.

ಕೋಲಾರದ ಕನ್ನಡತನದ ಮುಂದಿನ ಕೆಲಸ ಇಲ್ಲಿದೆ. ತಮಿಳು ಮನೆಮಾತಿನ ಮಾಸ್ತಿ ಕೊಡಗಿನ ಅರಸನನ್ನು ಕನ್ನಡಕ್ಕೆ ತಂದರು, ಪಂತುಲು ಕಿತ್ತೂರಿನ ರಾಣಿಯನ್ನು ಕೋಲಾರದವರೆಗೆ ಕರೆತಂದರು. ತನ್ನದಲ್ಲದ ಊರಿನ ಕಥೆಯನ್ನು ತನ್ನದಾಗಿಸಿಕೊಳ್ಳುತ್ತಲೇ ಬೆಳೆದ ಈ ಅಭಿಮಾನಕ್ಕೆ, ಸ್ವಂತ ಜಿಲ್ಲೆಯ ಗಣಿ ಕಾರ್ಮಿಕನ ಕಥೆ ಪರಭಾಷೆಯವರದು ಅನ್ನಿಸಕೂಡದು. ಅದನ್ನು ಹೇಳಲು ಬೇಕಾದ ಎರಡು ಮೂರು ಭಾಷೆಗಳು ಇಲ್ಲಿನ ಹುಡುಗರ ನಾಲಿಗೆಯಲ್ಲೇ ಇವೆ.